ಮದುವೆ ಫೋಟೊಗಳಿರುವ ರೇಡ್: ತಿಂಗಳ ತಪಾಸಣೆ ನಾನು ಮಾಡುವ ಬಗೆ

ದಾವಣಗೆರೆಯ ನನ್ನ ಸ್ಟುಡಿಯೊದಲ್ಲಿ 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ಲಿನಕ್ಸ್‌ನಲ್ಲಿ ರೇಡ್ 5 ಆಗಿ ಜೋಡಿಸಿದ್ದೇನೆ. ಅಂದರೆ ನಾಲ್ಕೂ ಸೇರಿ ಒಂದೇ ಡಿಸ್ಕಿನಂತೆ ಕೆಲಸ ಮಾಡುತ್ತವೆ; ಒಂದು ಡಿಸ್ಕಿನಷ್ಟು ಜಾಗ ‘ಪ್ಯಾರಿಟಿ’ಗೆ, ಎಂದರೆ ಕಳೆದುಹೋದ ಡೇಟಾವನ್ನು ಮರಳಿ ಲೆಕ್ಕ ಹಾಕಲು ಬೇಕಾದ ಮಾಹಿತಿಗೆ ಹೋಗುತ್ತದೆ. ಬಳಕೆಗೆ ಸಿಗುವುದು 12 ಟಿಬಿ. ಒಂದು ಡಿಸ್ಕ್ ಹೋದರೂ ಫೋಟೊ ಉಳಿಯುತ್ತವೆ ಎಂಬ ಧೈರ್ಯದಲ್ಲಿ ಎರಡು ವರ್ಷ ಅದರ ಕಡೆ ತಿರುಗಿ ನೋಡಲಿಲ್ಲ. ಒಂದು ದಿನ ಡಿಸ್ಕ್ ಕೆಟ್ಟಿತು. ಹೊಸದು ಹಾಕಿ ರೀಬಿಲ್ಡ್‌ಗೆ (ಉಳಿದ ಡಿಸ್ಕ್‌ಗಳನ್ನು ಓದಿ ಹೊಸದನ್ನು ತುಂಬುವ ಕೆಲಸಕ್ಕೆ) ಬಿಟ್ಟರೆ, ಅರ್ಧದಾರಿಯಲ್ಲಿ ಇನ್ನೊಂದು ಡಿಸ್ಕಿನ ಕೆಲವು ಸೆಕ್ಟರ್‌ಗಳು (ಡೇಟಾ ಕೂರುವ ಸಣ್ಣ ತುಣುಕುಗಳು) ಓದಲೇ ಬರಲಿಲ್ಲ. ಯಾರೂ ತೆರೆಯದ ಹಳೇ ಆಲ್ಬಮ್‌ಗಳಿದ್ದ ಜಾಗ ಅದು. ಯಾವಾಗ ಕೆಟ್ಟಿತ್ತೋ ಏನೋ. ತೀರಿಕೊಂಡ ಅಜ್ಜಿಯ ಫೋಟೊ ಕೇಳಿಕೊಂಡು ಬಂದ ಮೊಮ್ಮಗಳಿಗೆ ‘ಇಲ್ಲಮ್ಮ’ ಅನ್ನಬೇಕಾಯಿತು.

ಈಗ ತಿಂಗಳಿಗೊಮ್ಮೆ, ಆರ್ಡರ್ ಇಲ್ಲದ ರಾತ್ರಿ, ಎಲ್ಲವನ್ನೂ ಓದಿಸುತ್ತೇನೆ. ಮೊದಲು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ (ಓದಲು ಕಷ್ಟವಾದ ಸೆಕ್ಟರ್‌ಗಳ ಎಣಿಕೆ) ಸಾಲು ನೋಡಿ. ಸೊನ್ನೆಗಿಂತ ಹೆಚ್ಚಿದ್ದರೆ ಮೊದಲು ಬ್ಯಾಕಪ್, ಆಮೇಲೆ ಉಳಿದದ್ದು. ನಂತರ ರೂಟ್ ಆಗಿ (ಪೂರ್ಣ ಅಧಿಕಾರದ ಬಳಕೆದಾರರಾಗಿ), ರೇಡ್‌ನ ‘ಸಿಂಕ್ ಆಕ್ಷನ್’ (sync_action) ಫೈಲಿಗೆ ‘ಚೆಕ್’ (check) ಎಂಬ ಪದ ಬರೆಯಿರಿ, ಎಲ್ಲ ಡಿಸ್ಕ್‌ಗಳ ಓದು ಶುರುವಾಗುತ್ತದೆ. ಎಷ್ಟು ಮುಗಿಯಿತೆಂದು ‘ಎಂಡಿಸ್ಟ್ಯಾಟ್’ (mdstat) ಫೈಲ್ ತೋರಿಸುತ್ತದೆ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೆ 4 ಟಿಬಿಗೆ ಏಳೂವರೆ ಗಂಟೆ ಹಿಡಿಯುತ್ತದೆ. ಓದಲು ಬಾರದ ಸೆಕ್ಟರ್ ಸಿಕ್ಕರೆ ಉಳಿದ ಮೂರು ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಅದೇ ಜಾಗಕ್ಕೆ ಮತ್ತೆ ಬರೆಯುತ್ತದೆ. ಮೂರೂ ಸರಿಯಿರುವಾಗಲೇ ಇದು ಸಾಧ್ಯ, ತಪಾಸಣೆಯ ಬೆಲೆಯೆಲ್ಲ ಇಲ್ಲೇ ಇದೆ.

ಮುಗಿದ ಮೇಲೆ ‘ಮಿಸ್‌ಮ್ಯಾಚ್’ (ತಾಳೆಯಾಗದ ಜಾಗಗಳ) ಎಣಿಕೆ ನೋಡಿ. ಸೊನ್ನೆ ಇರಬೇಕು. ಇಲ್ಲದಿದ್ದರೆ ದಯವಿಟ್ಟು ತಕ್ಷಣ ಅದೇ ಫೈಲಿಗೆ ‘ರಿಪೇರ್’ (repair) ಎಂದು ಬರೆಯಬೇಡಿ. ಡೇಟಾ ಮತ್ತು ಪ್ಯಾರಿಟಿ ತಾಳೆಯಾಗುತ್ತಿಲ್ಲ ಎಂದಷ್ಟೇ ರೇಡ್ 5ಕ್ಕೆ ಗೊತ್ತು. ತಪ್ಪು ಯಾವುದರಲ್ಲಿದೆ ಎಂದು ಗೊತ್ತಿಲ್ಲ. ರಿಪೇರ್ ಡೇಟಾವನ್ನೇ ಸರಿಯೆಂದು ನಂಬಿ ಪ್ಯಾರಿಟಿಯನ್ನು ಬದಲಿಸುತ್ತದೆ. ಕೆಟ್ಟದ್ದು ಫೋಟೊ ಆಗಿದ್ದರೆ, ಅದನ್ನು ಸರಿಪಡಿಸಲು ಉಳಿದಿದ್ದ ಸುಳಿವೂ ಅಳಿಸಿಹೋಗುತ್ತದೆ. ಮೊದಲು ಕೇಬಲ್, ರ‍್ಯಾಮ್ ಪರೀಕ್ಷಿಸಿ, ಫೈಲ್‌ಗಳನ್ನು ಬ್ಯಾಕಪ್ ಜೊತೆ ಹೋಲಿಸಿ.

ಹೋಲಿಸುವುದು ಹೇಗೆ? ಪ್ರತಿ ಮದುವೆಯ ಕೆಲಸ ಮುಗಿದ ದಿನವೇ ಆ ಫೋಲ್ಡರಿನ ಎಲ್ಲ ಫೈಲ್‌ಗಳ ಶಾ-256 ಚೆಕ್‌ಸಮ್ (ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಸಿಗುವ ಗುರುತಿನ ಸಂಖ್ಯೆ) ಪಟ್ಟಿ ಮಾಡಿಡುತ್ತೇನೆ. ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ, ಯಾವ ಫೋಟೊ ಕೆಟ್ಟಿದೆಯೆಂದು ಹೆಸರಿನ ಸಮೇತ ಸಿಗುತ್ತದೆ. ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಬಳಸುವವರಿಗೆ ಇಂಥ ಚೆಕ್‌ಸಮ್ ಒಳಗೇ ಇರುತ್ತದೆ, ಎಲ್ಲವನ್ನೂ ಓದಿ ತಾಳೆ ನೋಡುವ ‘ಸ್ಕ್ರಬ್’ ಆಜ್ಞೆ ಕೊಟ್ಟರೆ ಸಾಕು. ನನ್ನ ಪಟ್ಟಿಗಳ ಒಂದು ಪ್ರತಿ, ಬ್ಯಾಕಪ್ ಡಿಸ್ಕ್ ಜೊತೆಗೆ, ಮನೆಯ ಬೀರುವಿನಲ್ಲಿದೆ.