ಬಂದರು ಪಟ್ಟಣದಲ್ಲಿ ಎರಡು ದಿನ: ಕಡಲ ಗಡಿಯಾರ ನೋಡಿ ಹೊರಡುವುದು ಹೇಗೆ?

ವಾರಾಂತ್ಯದ ಪ್ರವಾಸ ಎಂದೊಡನೆ ನಾವು ಮೊದಲು ಕೊಠಡಿ ಕಾಯ್ದಿರಿಸಿ, ಅನಂತರ ನೋಡಬೇಕಾದ ಜಾಗಗಳ ಪಟ್ಟಿ ಬರೆಯಲು ಕೂರುತ್ತೇವೆ. ಬೆಟ್ಟದ ಊರಿಗೆ ಈ ಕ್ರಮ ಸರಿಹೋದೀತು, ಬಂದರು ಪಟ್ಟಣಕ್ಕೆ ಮಾತ್ರ ಹೊಂದುವುದಿಲ್ಲ. ಅಲ್ಲಿ ಹಡಗು ಒಳಬರುವ ಹೊತ್ತು, ದೋಣಿ ಬಿಡುವ ಹೊತ್ತು, ಮರಳದಂಡೆ ತೆರೆದುಕೊಳ್ಳುವ ಹೊತ್ತು ಇವೆಲ್ಲವನ್ನೂ ಬಹುಮಟ್ಟಿಗೆ ನೀರೇ ನಿರ್ಧರಿಸುತ್ತದೆ. ಆದ್ದರಿಂದ ಮೊದಲು ತೆರೆಯಬೇಕಾದದ್ದು ಆ ಊರಿನ ಉಬ್ಬರವಿಳಿತದ ಪಟ್ಟಿ.

ಮೊದಲ ಹೆಜ್ಜೆ: ನೀರಿನ ಲೆಕ್ಕ

ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಅದೇ ಸ್ಥಿತಿ ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಶನಿವಾರ ಬೆಳಿಗ್ಗೆ 7ಕ್ಕೆ ನೀರು ಪೂರ್ತಿ ಇಳಿದಿದ್ದರೆ ಭಾನುವಾರ ಅದು 8ರ ಹತ್ತಿರಕ್ಕೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ಚಂದ್ರ ಅರ್ಧವಿರುವ ಅಷ್ಟಮಿಯ ಹೊತ್ತಿಗೆ ಚಿಕ್ಕದು. ಬಂಡೆಗಳ ನಡುವಿನ ನೀರಗುಂಡಿಗಳಲ್ಲಿ ಏಡಿ, ಚಿಪ್ಪುಜೀವಿಗಳನ್ನು ನೋಡುವ ಆಸೆಯಿದ್ದರೆ ಮೊದಲನೆಯ ಬಗೆಯ ವಾರಾಂತ್ಯವನ್ನೂ, ಸಣ್ಣ ದೋಣಿಯಲ್ಲಿ ಸಾವಧಾನವಾಗಿ ಸುತ್ತುವ ಮನಸ್ಸಿದ್ದರೆ ಎರಡನೆಯದನ್ನೂ ಆರಿಸಿಕೊಳ್ಳಬಹುದು.

ಹೋಗುವ ಊರಿನ ಏರಿಳಿತ ಎಷ್ಟು ಎಂಬುದನ್ನೂ ತಿಳಿದಿರಬೇಕು. ಮೆಡಿಟರೇನಿಯನ್ ತೀರದ ಬಹುಭಾಗದಲ್ಲಿ ಅದು ಕಣ್ಣಿಗೆ ಬೀಳುವುದೇ ಕಡಿಮೆ. ಕೆನಡಾದ ಫಂಡಿ ಕೊಲ್ಲಿಯಲ್ಲಾದರೆ 16 ಮೀಟರ್‌ವರೆಗೂ ಹೋಗುತ್ತದೆ. ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ. ನಾವಿಕರ ಹಳೆಯ ಅಂದಾಜಿನ ಪ್ರಕಾರ, ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು ಪಾಲು ನೀರು ಏರುತ್ತದೆ. ಎಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧದಷ್ಟು ನೀರು ಬಂದುಬಿಡುತ್ತದೆ. ಮರಳಿನ ಮೇಲೆ ನಡೆದು ದಿಬ್ಬವನ್ನೋ ನಡುಗಡ್ಡೆಯನ್ನೋ ತಲುಪಿದವರು ‘ಇನ್ನೂ ಸಮಯವಿದೆ’ ಎಂದುಕೊಂಡು ಸಿಕ್ಕಿಬೀಳುವುದು ಈ ಹೊತ್ತಿನಲ್ಲೇ. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ರಸ್ತೆ ದಿನಕ್ಕೆರಡು ಬಾರಿ ಮುಳುಗುತ್ತದೆ. ದಾಟಬಹುದಾದ ವೇಳೆಯನ್ನು ಮೊದಲೇ ಪ್ರಕಟಿಸಿದ್ದರೂ ಕಾರುಗಳು ಅಲ್ಲಿ ನೀರಿನ ನಡುವೆ ನಿಲ್ಲುವುದು ತಪ್ಪಿಲ್ಲ.

ಪಟ್ಟಿ ನೋಡುವಾಗ ಎರಡು ಎಚ್ಚರಗಳು ಅಗತ್ಯ. ಅದು ಯಾವ ಬಂದರಿನದು ಎಂದು ಓದಿಕೊಳ್ಳಿ, ಏಕೆಂದರೆ ಅದೇ ಕರಾವಳಿಯ ಇನ್ನೊಂದು ಊರಿನಲ್ಲಿ ವೇಳೆ ಬೇರೆಯಿರಬಹುದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶವಾದರೆ, ಪಟ್ಟಿಯಲ್ಲಿ ಆ ಗಂಟೆ ಸೇರಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಈ ಎರಡನೆಯದನ್ನು ಮರೆತು, ಇಳಿತದ ಹೊತ್ತಿಗೆಂದು ಹೋಗಿ, ಆಗಲೇ ಏರತೊಡಗಿದ್ದ ನೀರಿನೆದುರು ಬೂಟು ಕೈಯಲ್ಲಿ ಹಿಡಿದು ನಿಂತವರಲ್ಲಿ ನಾನೂ ಒಬ್ಬ.

ಎರಡನೆಯದು: ಬಂದರು ಯಾವ ಬಗೆಯದು?

ಸರಕಿನ ಬಂದರು, ಮೀನುಗಾರಿಕಾ ಬಂದರು ಮತ್ತು ಪ್ರಯಾಣಿಕರ ಹಡಗುಕಟ್ಟೆ ಮೂರೂ ಒಂದೇ ಊರಿನಲ್ಲಿದ್ದರೂ ಅವುಗಳ ದಿನಚರಿ ಬೇರೆ ಬೇರೆ. ಹಡಗು ಮತ್ತು ಬಂದರುಗಳ ಭದ್ರತೆಗಾಗಿ ರೂಪಿಸಿದ ಅಂತರರಾಷ್ಟ್ರೀಯ ಸಂಹಿತೆ 2004ರ ಜುಲೈ 1ರಂದು ಜಾರಿಗೆ ಬಂದ ಮೇಲೆ, ವಿದೇಶಿ ಯಾನದ ಹಡಗುಗಳು ತಂಗುವ ಕಟ್ಟೆಯೊಳಗೆ ಸಾರ್ವಜನಿಕರು ಸುಮ್ಮನೆ ನಡೆದು ಹೋಗುವಂತಿಲ್ಲ. ಹಲವೆಡೆ ಛಾಯಾಚಿತ್ರ ತೆಗೆಯುವುದಕ್ಕೂ ನಿರ್ಬಂಧವಿದೆ. ಆದ್ದರಿಂದ ಸರಕಿನ ಹಡಗುಗಳನ್ನು ಅಲೆತಡೆ ಗೋಡೆಯ ಸಾರ್ವಜನಿಕ ಭಾಗದಿಂದಲೋ, ಎತ್ತರದ ದಿಣ್ಣೆಯಿಂದಲೋ ನೋಡುವ ಯೋಜನೆ ಹಾಕಿಕೊಳ್ಳುವುದು ಜಾಣತನ. ನೀರಿನ ಅಂಚಿನಲ್ಲಿ ನಿಂತವರಿಗೆ ದಿಗಂತ ಕೇವಲ 5 ಕಿಲೋಮೀಟರಿನಷ್ಟು ದೂರ. 30 ಮೀಟರ್ ಎತ್ತರದ ದೀಪಸ್ತಂಭದ ಮೇಲಿಂದ ಅದು ಸುಮಾರು 20 ಕಿಲೋಮೀಟರಿಗೆ ಸರಿಯುತ್ತದೆ. ಪ್ರವೇಶವಿದ್ದರೆ ದೀಪಸ್ತಂಭದ ಮೆಟ್ಟಿಲುಗಳನ್ನು ಹತ್ತದೆ ಬರಬೇಡಿ.

ಅಂತರರಾಷ್ಟ್ರೀಯ ಯಾನದ 300 ಒಟ್ಟು ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೂ ದೊಡ್ಡ ಹಡಗುಗಳು ತಮ್ಮ ಗುರುತು ಹಾಗೂ ಸ್ಥಾನವನ್ನು ರೇಡಿಯೊ ಮೂಲಕ ಬಿತ್ತರಿಸುತ್ತಿರಬೇಕೆಂಬ ನಿಯಮವಿದೆ. ಆ ಮಾಹಿತಿಯನ್ನು ನಕ್ಷೆಯ ಮೇಲೆ ತೋರಿಸುವ ಜಾಲತಾಣಗಳನ್ನು ಹಿಂದಿನ ರಾತ್ರಿ ನೋಡಿಕೊಂಡರೆ, ಯಾವ ಹಡಗು ಹೊರಗೆ ಲಂಗರು ಹಾಕಿ ಕಾಯುತ್ತಿದೆ ಎಂದು ತಿಳಿಯುತ್ತದೆ. ಹಡಗಿಗೆ ಬಂದರಿನ ದಾರಿ ತೋರುವ ಪೈಲಟ್‌ನನ್ನು ಕರೆದೊಯ್ಯುವ ದೋಣಿಯೊಂದು ಅದರತ್ತ ಹೊರಟರೆ ಹಡಗು ಒಳಬರುವುದು ಬಹುತೇಕ ಖಚಿತ. ಟಗ್‌ಗಳು, ಎಂದರೆ ದೊಡ್ಡ ಹಡಗುಗಳನ್ನು ಎಳೆದು ತಳ್ಳುವ ಸಣ್ಣ ನೌಕೆಗಳು, ಅದನ್ನು ಕಟ್ಟೆಗೆ ಒತ್ತಿ ನಿಲ್ಲಿಸುವ ಕೆಲಸವನ್ನು ಒಂದು ಗಂಟೆ ನೋಡಿದರೂ ಬೇಸರವಾಗದು. ಮಕ್ಕಳಿದ್ದರಂತೂ ಬೇರೆ ಕಾರ್ಯಕ್ರಮ ಬೇಡ.

ವಿಹಾರ ನೌಕೆಗಳ ವೇಳಾಪಟ್ಟಿಯನ್ನು ಸಾಮಾನ್ಯವಾಗಿ ತಿಂಗಳುಗಳ ಮೊದಲೇ ಪ್ರಕಟಿಸುತ್ತಾರೆ. ದೊಡ್ಡ ನೌಕೆಯೊಂದು ಬಂದ ದಿನ ಸಾವಿರಾರು ಜನ ಒಮ್ಮೆಲೇ ಹಳೆಯ ಪೇಟೆಗೆ ಇಳಿಯುತ್ತಾರೆ, ಸಂಜೆ ಅಷ್ಟೇ ಬೇಗ ಮಾಯವಾಗುತ್ತಾರೆ. ಅಂಥ ದಿನ ಪೇಟೆಯನ್ನು ಸಂಜೆಗೆ ಇಟ್ಟುಕೊಂಡು ಹಗಲು ದಂಡೆಯ ಕಡೆಗೆ ಹೋಗಿ.

ಆಮೇಲೆ: ತಂಗುವ ಜಾಗ

ಈಗ ಕೊಠಡಿ ಕಾಯ್ದಿರಿಸಬಹುದು. ಸರಕಿನ ಬಂದರಿನ ಕೆಲಸ ರಾತ್ರಿಯೂ ನಿಲ್ಲುವುದಿಲ್ಲವಾದ್ದರಿಂದ, ‘ಬಂದರಿನ ನೋಟ’ ಇರುವ ಕೊಠಡಿಯೆಂದರೆ ಕೆಲವೊಮ್ಮೆ ಕ್ರೇನಿನ ದೀಪವೂ ಲಾರಿಗಳ ಸದ್ದೂ ಇರುವ ಕೊಠಡಿ. ಲಾರಿ ರಸ್ತೆ ಎಲ್ಲಿ ಹಾದುಹೋಗುತ್ತದೆ ಎಂದು ನಕ್ಷೆಯಲ್ಲಿ ನೋಡಿಕೊಂಡು, ಹಳೆಯ ಪೇಟೆಗೂ ದೋಣಿಕಟ್ಟೆಗೂ ನಡೆದು ಹೋಗುವಷ್ಟು ಹತ್ತಿರದಲ್ಲಿ ಉಳಿದುಕೊಳ್ಳಿ.

ಎರಡು ದಿನಗಳ ಹಂಚಿಕೆ

ದೋಣಿಯಾನವನ್ನು ಬೆಳಗಿನ ಹೊತ್ತಿಗೆ ಇಡಬೇಕು. ಹಗಲೇರಿದಂತೆ ನೆಲವು ನೀರಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನ ಕಡಲಗಾಳಿ ಬೀಸತೊಡಗಿ ಅಲೆಗಳೂ ಎದ್ದಿರುತ್ತವೆ. ಹೊಟ್ಟೆ ತೊಳಸುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹೊರಡುವ ದೋಣಿಗಿಂತ ಮರಳುವ ಕೊನೆಯ ದೋಣಿಯ ವೇಳೆಯನ್ನು ಮೊದಲು ಬರೆದುಕೊಳ್ಳಿ. ಹವಾಮಾನ ಕೆಟ್ಟರೆ ಯಾನ ರದ್ದಾಗುವುದರಿಂದ ದ್ವೀಪದ ಭೇಟಿಯನ್ನು ಶನಿವಾರಕ್ಕೇ ಇಟ್ಟು, ಭಾನುವಾರವನ್ನು ಬದಲಿ ದಿನವಾಗಿ ಖಾಲಿ ಬಿಡುವುದು ಒಳ್ಳೆಯದು. ವಸ್ತುಸಂಗ್ರಹಾಲಯ, ಹಳೆಯ ಉಗ್ರಾಣಗಳ ಬೀದಿ ಮುಂತಾದವು ಮಳೆಗಾಳಿಯ ಹೊತ್ತಿಗೂ ಕಾಯುತ್ತವೆ.

ಈಜುವವರಿಗೆ ಒಂದು ಮಾತು. ಅಲೆತಡೆ ಗೋಡೆ ಮತ್ತು ಕಟ್ಟೆಗಳ ಪಕ್ಕದಲ್ಲಿ ನೀರನ್ನು ಒಳಕಡಲಿಗೆ ಎಳೆಯುವ ಸೆಳೆತ ಹೆಚ್ಚಾಗಿರುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಅನೇಕ ಬಾರಿ ಸೆಳೆತದ ದಾರಿ. ಸಿಲುಕಿದರೆ ದಡದತ್ತ ನೇರವಾಗಿ ಹೋರಾಡದೆ, ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಸರಿದು, ಸೆಳೆತ ತಪ್ಪಿದ ಮೇಲೆ ಹೊರಬರಬೇಕು. ಜೀವರಕ್ಷಕರು ಕಾವಲಿರುವ ದಂಡೆಯನ್ನೇ ಆರಿಸಿಕೊಳ್ಳಿ.

ಚೀಲದಲ್ಲಿ ಗಾಳಿ ತಡೆಯುವ ಮೇಲಂಗಿ, ಹಿಡಿತವಿರುವ ಪಾದರಕ್ಷೆ ಮತ್ತು ದೂರದರ್ಶಕ ಇದ್ದರೆ ಸಾಕು. ದೋಣಿಕಟ್ಟೆಯ ಕೆಳಗಿನ ಮೆಟ್ಟಿಲುಗಳು ಹಸಿರಾಗಿ ಕಂಡರೆ, ಉಬ್ಬರದಲ್ಲಿ ನೀರು ಅಲ್ಲಿಯವರೆಗೆ ಬರುತ್ತದೆ ಎಂದೂ, ಪಾಚಿಯ ಮೇಲೆ ಕಾಲು ನಿಲ್ಲದೆಂದೂ ತಿಳಿದು, ಕೈಹಿಡಿಯನ್ನು ಹಿಡಿದೇ ಇಳಿಯಿರಿ.