ಬಾಲಬಡುಕ: ಯಾರಿಗೆ ಹೇಳಬೇಕು, ಹೇಗೆ ಬರೆಯಬೇಕು

ಮೊದಲು ಕಾಗುಣಿತ. ‘ಕುಡಿ’ಯಿಂದ ಕುಡುಕ, ‘ತಿರಿ’ಯಿಂದ ತಿರುಕ, ಹಾಗೆಯೇ ‘ಬಡಿ’ಯಿಂದ ಬಡುಕ. ಧಾತುವಿನ ಕೊನೆಯ ಇಕಾರ ಇಲ್ಲಿ ಉಕಾರವಾಗುತ್ತದೆ. ಹಾಗಾಗಿ ‘ಬಾಲಬಡಿಕ’ ತಪ್ಪು. ಹೆಂಗಸಾದರೆ ಬಾಲಬಡುಕಿ, ಗುಣಕ್ಕೆ ಬಾಲಬಡುಕತನ. ಒಡೆಯನನ್ನು ಕಂಡೊಡನೆ ಬಾಲವನ್ನು ನೆಲಕ್ಕೆ ಬಡಿಯುವ ನಾಯಿಯ ಚಿತ್ರ ಪದದೊಳಗೇ ಇದೆ. ಅದನ್ನು ಎಲ್ಲಿ ಬಳಸಬೇಕೆಂಬುದಕ್ಕೂ ಅದೇ ಅಳತೆಗೋಲು.

ಒಡೆಯನಿಲ್ಲದೆ ಬಾಲಬಡುಕನಿಲ್ಲ. ಮದುವೆಮನೆಯಲ್ಲಿ ಅಡುಗೆಯವರಿಗೆ ‘ಪಾಯಸ ಲಾಯ್ಕಾಗಿದೆ’ ಅಂದರೆ ಅದು ಬರೀ ಮೆಚ್ಚುಗೆ. ಪಾಯಸ ಸೀದಿದ್ದರೂ ಹಾಗೆ ಅಂದರೆ ಮುಖಸ್ತುತಿ. ಅದನ್ನು ಯಾರು ಯಾರಿಗೂ ಮಾಡಬಹುದು, ಒಮ್ಮೆ ಮಾಡಿ ಮರೆಯಲೂಬಹುದು. ಬಾಲಬಡುಕತನಕ್ಕೆ ಮೇಲೊಬ್ಬ, ಕೆಳಗೊಬ್ಬ ಬೇಕು, ಲಾಭದ ಆಸೆ ಬೇಕು, ಅದು ರೂಢಿಯಾಗಿರಬೇಕು. ಅಧ್ಯಕ್ಷರು ‘ಆಟ ಶನಿವಾರ ಇಡುವ’ ಅಂದಾಗ ‘ಶನಿವಾರವೇ ಸರಿ’ ಎಂದವನು, ಐದು ನಿಮಿಷ ಕಳೆದು ಅವರೇ ‘ಆದಿತ್ಯವಾರ ಒಳ್ಳೇದೋ ಏನೋ’ ಅಂದಾಗ ‘ನಾನೂ ಅದನ್ನೇ ಹೇಳ್ಬೇಕಂತಿದ್ದೆ’ ಅನ್ನುತ್ತಾನಲ್ಲ, ಪ್ರತಿ ಸಭೆಯಲ್ಲೂ? ಅವನಿಗೆ ಈ ಪದ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ.

ಕಾಸರಗೋಡಿನಲ್ಲಿ ಹೆಚ್ಚು ಎಡವುವುದು ವಿಭಕ್ತಿಯಲ್ಲಿ. ಬಾಲಬಡುಕನ ಹಿಂದೆ ಷಷ್ಠಿ ಬರಬೇಕು: ‘ಅಧ್ಯಕ್ಷರ ಬಾಲಬಡುಕ’. ಮುಖಸ್ತುತಿಗೆ ಹೇಳುವ ಬೆಣ್ಣೆ ಹಚ್ಚು, ಬಕೆಟ್ ಹಿಡಿ, ಸೋಪು ಹಾಕು, ಇವೆಲ್ಲ ಚತುರ್ಥಿಯವು: ‘ಅಧ್ಯಕ್ಷರಿಗೆ’. ಓಲೈಸು ಮಾತ್ರ ದ್ವಿತೀಯೆ: ‘ಅಧ್ಯಕ್ಷರನ್ನು’. ಮಲಯಾಳದ ‘ಸೋಪ್ಪಿಡುಕ’ ಕೂಡ ದ್ವಿತೀಯೆಯನ್ನೇ ಕೇಳುತ್ತದೆ. ಎರಡೂ ಭಾಷೆ ಒಟ್ಟಿಗೆ ಆಡುವ ಬಾಯಿಗೆ ‘ಮಾಷ್ಟ್ರನ್ನು ಸೋಪು ಹಾಕಿ ಮಾರ್ಕು ತೆಗೆದ’ ಎಂದು ಬರುವುದು ಇದರಿಂದಲೇ. ಕನ್ನಡದಲ್ಲಿ ‘ಮಾಷ್ಟ್ರಿಗೆ ಸೋಪು ಹಾಕಿ’ ಆಗಬೇಕು. ಮುಖಸ್ತುತಿಗೆ ಮಲಯಾಳದಲ್ಲಿ ಹೇಳುವ ‘ಮಣಿಯಡಿ’ಯನ್ನಂತೂ (ಪದಶಃ ಗಂಟೆ ಹೊಡೆತ) ಅನುವಾದಿಸಲು ಹೋಗಬೇಡಿ, ‘ಹೆಡ್ ಮಾಷ್ಟ್ರಿಗೆ ಗಂಟೆ ಹೊಡೆದ’ ಎಂದರೆ ಶಾಲೆ ಬಿಟ್ಟಿತೆಂದು ತಿಳಿದಾರು.

ಹೊಗಳುಭಟ್ಟ ಇದಕ್ಕೆ ಹತ್ತಿರದ ಪದ, ಆದರೆ ಅವನ ಕೆಲಸ ನಾಲಗೆಯದು ಮಾತ್ರ. ಬಾಲಬಡುಕ ಚೀಲವನ್ನೂ ಹೊರುತ್ತಾನೆ. ‘ಸುಡುಗಾಡು’ ಇದ್ದಂತೆ ‘ಹೊಗಳುಭಟ್ಟ’ವೂ ಗಮಕ ಸಮಾಸ, ಅಂದರೆ ‘ಸುಡುವ ಕಾಡು’, ‘ಹೊಗಳುವ ಭಟ್ಟ’ ಎಂದು ಬಿಡಿಸುವಂಥದು. ಕನ್ನಡದ ‘ಹೊಗಳು’ವಿಗೆ ಸಂಸ್ಕೃತದ ‘ಭಟ್ಟ’ ಸೇರಿದ್ದರೂ ಗಮಕದಲ್ಲಿ ಅರಿಸಮಾಸ ದೋಷವಿಲ್ಲ (ಕನ್ನಡ, ಸಂಸ್ಕೃತ ಪದಗಳನ್ನು ಬೆರೆಸಿ ಸಮಾಸ ಮಾಡುವ ತಪ್ಪಿಗೆ ಆ ಹೆಸರು). ಕೂಡಿಸಿಯೇ ಬರೆಯಿರಿ. ನಡುವೆ ಜಾಗ ಬಿಟ್ಟರೆ ‘ಹೊಗಳು, ಭಟ್ಟ!’ ಎಂದು ಅಪ್ಪಣೆ ಕೊಟ್ಟಂತಾಗುತ್ತದೆ. ಇನ್ನೊಂದು ಎಚ್ಚರ: ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಭಟ್ ಎಂಬ ಉಪನಾಮದವರು ಬಹಳ. ಅಂಥವರ ಬಗ್ಗೆ ಬರೆಯುವಾಗ ಹೊಗಳುಭಟ್ಟ ಎಂದರೆ ಮಾತು ಗುಣವನ್ನು ಬಿಟ್ಟು ಜಾತಿಗೆ ತಾಗುತ್ತದೆ; ಬೇರೆ ಪದ ಹುಡುಕಿ.

ಚಮಚಾ ಎಂದು ಬರೆಯುವುದಾದರೆ ಕೊನೆಯ ದೀರ್ಘ ಬಿಡಬಾರದು. ‘ಅವ ಅವರ ಚಮಚ’ ಎಂದರೆ ಅರ್ಥವಾಗುತ್ತದೆ, ನಿಜ, ಆದರೆ ಹ್ರಸ್ವದ ಚಮಚ ಪಾಯಸದ್ದು.

ಬಾಲಬಡುಕ ಬೈಗುಳವೇ, ತಮಾಷೆಯಲ್ಲಿ ಆಡಿದರೂ. ಸಲಿಗೆಯವರ ನಡುವೆ ‘ಸೋಪು ಹಾಕ್ಬೇಡ ಮಾರಾಯಾ’ ಎಂದರೆ ನಗುತ್ತಾರೆ. ಅದೇ ಜಾಗದಲ್ಲಿ ‘ಬಾಲಬಡುಕ’ ಎಂದರೆ ಮಾತು ನಿಲ್ಲುತ್ತದೆ. ಪತ್ರಿಕೆಗೆ ವರದಿ ಬರೆಯುವವರು ಹೆಸರಿನ ಜೊತೆ ಈ ಪದವನ್ನು ಅಂಟಿಸದೆ ನಡೆದದ್ದನ್ನೇ ಬರೆಯಲಿ: ‘ಇಪ್ಪತ್ತು ನಿಮಿಷದ ಸ್ವಾಗತ ಭಾಷಣದಲ್ಲಿ ಹದಿನೈದು ನಿಮಿಷ ಅಧ್ಯಕ್ಷರ ಗುಣಗಾನ ನಡೆಯಿತು.’ ಪದವನ್ನು ಓದುಗನೇ ಹಾಕಿಕೊಳ್ಳುತ್ತಾನೆ.