ಓಪನ್‌ಸ್ಟ್ಯಾಕ್ ಸ್ವಿಫ್ಟ್‌ನ ಕಂಟೇನರ್‌ಗಳನ್ನು ಸ್ಕ್ರಿಪ್ಟ್ ಬರೆದು ಅಳಿಸುವ ವಿಧಾನ

ಕ್ಲೌಡ್ ಕಟ್ಟಲು ಬಳಸುವ ತಂತ್ರಾಂಶವಾದ ಓಪನ್‌ಸ್ಟ್ಯಾಕ್‌ನ ಸ್ವಿಫ್ಟ್ ಸಂಗ್ರಹದಲ್ಲಿ ಕಡತಗಳು ಕಂಟೇನರ್‌ಗಳೊಳಗೆ ಇರುತ್ತವೆ. ಒಳಗೆ ಏನಾದರೂ ಉಳಿದಿರುವ ಕಂಟೇನರನ್ನು ಎಪಿಐ, ಅಂದರೆ ಸ್ಕ್ರಿಪ್ಟ್‌ಗಳ ಕೋರಿಕೆಗಳನ್ನು ಸ್ವೀಕರಿಸುವ ವ್ಯವಸ್ಥೆ, ಅಳಿಸಗೊಡುವುದಿಲ್ಲ. ಖಾಲಿ ಕಂಟೇನರ್‌ಗೆ ಡಿಲೀಟ್ ಕೋರಿಕೆ ಕಳುಹಿಸಿದರೆ 204 ಎಂಬ ಉತ್ತರವೂ, ಖಾಲಿಯಲ್ಲದ್ದಕ್ಕೆ ಕಳುಹಿಸಿದರೆ 409 ಎಂಬ ಉತ್ತರವೂ ಬರುತ್ತದೆ. ಹೊಸಬರಿಗೆ ಈ 409 ತೊಡಕಾಗಿ ಕಾಣುತ್ತದೆ, ಆದರೆ ನನ್ನ ಮಟ್ಟಿಗೆ ಅದು ಕಾವಲುಗಾರ. ಸ್ಕ್ರಿಪ್ಟ್ ಅದನ್ನು ಕಂಡೊಡನೆ ತಾನಾಗಿಯೇ ಒಳಗಿನದನ್ನೆಲ್ಲ ಬಳಿದುಹಾಕುವಂತೆ ಬರೆಯಬಾರದು.

ಆದ್ದರಿಂದ ಒಂದರ ಬದಲು ಎರಡು ಸ್ಕ್ರಿಪ್ಟ್‌ಗಳನ್ನು ಬರೆಯಿರಿ. ಮೊದಲನೆಯದು ಪಟ್ಟಿಯನ್ನಷ್ಟೇ ಮಾಡಲಿ. ಎರಡನೆಯದು ಆ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಅಳಿಸಲಿ. ನಡುವೆ ಒಬ್ಬ ಮನುಷ್ಯ ಕುಳಿತು ಆ ಪಟ್ಟಿಯನ್ನು ಸಾಲುಸಾಲಾಗಿ ಓದಬೇಕು.

ಎರಡಕ್ಕೂ ಟೋಕನ್, ಅಂದರೆ ಸ್ವಲ್ಪ ಕಾಲ ಮಾತ್ರ ನಡೆಯುವ ಪ್ರವೇಶ ಚೀಟಿ ಬೇಕು. ಓಪನ್‌ಸ್ಟ್ಯಾಕ್‌ನಲ್ಲಿ ಗುರುತು ಪರಿಶೀಲಿಸುವ ಕೀಸ್ಟೋನ್ ಸೇವೆಗೆ ಬಳಕೆದಾರರ ಹೆಸರು, ಗುಪ್ತಪದ, ಪ್ರಾಜೆಕ್ಟ್‌ನ ಹೆಸರು ಮತ್ತು ಅವು ಸೇರಿದ ಡೊಮೇನ್ ಅನ್ನು ಪೋಸ್ಟ್ ಮಾಡಿದರೆ ಉತ್ತರದ ಎಕ್ಸ್-ಸಬ್ಜೆಕ್ಟ್-ಟೋಕನ್ ಹೆಡರ್‌ನಲ್ಲಿ ಟೋಕನ್ ಬರುತ್ತದೆ. ಮುಂದಿನ ಕೋರಿಕೆಗಳಲ್ಲೆಲ್ಲ ಅದನ್ನು ಎಕ್ಸ್-ಆತ್-ಟೋಕನ್ ಹೆಡರ್‌ನಲ್ಲಿ ಇಟ್ಟು ಕಳುಹಿಸಬೇಕು. ಗುಪ್ತಪದವನ್ನು ಸ್ಕ್ರಿಪ್ಟ್‌ನೊಳಗೆ ಬರೆಯದೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಓದಿಸಿ. ಕೆಲಸದ ನಡುವೆ ಟೋಕನ್‌ನ ಅವಧಿ ಮುಗಿದರೆ 401 ಬರುತ್ತದೆ. ಆಗ ಹೊಸ ಟೋಕನ್ ಪಡೆದು ಅದೇ ಕೋರಿಕೆಯನ್ನು ಒಮ್ಮೆ ಮಾತ್ರ ಮತ್ತೆ ಕಳುಹಿಸಿ.

ಪಟ್ಟಿ ಮಾಡುವಾಗ ಖಾತೆಯ ವಿಳಾಸಕ್ಕೆ ಗೆಟ್ ಕೋರಿಕೆ ಕಳುಹಿಸಿ, ಜೇಸನ್ ರೂಪದಲ್ಲಿ ಉತ್ತರ ಕೇಳಿ. ಪ್ರತಿ ಕಂಟೇನರ್‌ನ ಹೆಸರು, ಒಳಗಿನ ಆಬ್ಜೆಕ್ಟ್‌ಗಳ (ಸ್ವಿಫ್ಟ್ ಕಡತಗಳನ್ನು ಕರೆಯುವುದು ಹೀಗೆ) ಸಂಖ್ಯೆ ಮತ್ತು ಒಟ್ಟು ಬೈಟ್‌ಗಳು ಸಿಗುತ್ತವೆ. ಸಾಮಾನ್ಯವಾಗಿ ಒಂದು ಕೋರಿಕೆಗೆ 10,000 ಹೆಸರುಗಳಷ್ಟೇ ಬರುವುದರಿಂದ, ಕೊನೆಯ ಹೆಸರನ್ನು ಮಾರ್ಕರ್ ಆಗಿ ಕೊಟ್ಟು, ಖಾಲಿ ಉತ್ತರ ಬರುವವರೆಗೆ ಕೇಳುತ್ತಲೇ ಹೋಗಬೇಕು. ಹೆಸರಿನ ಆರಂಭಾಕ್ಷರಗಳನ್ನು ನೋಡಿ ಆಯ್ಕೆ ಮಾಡುವುದಾದರೆ ಎಚ್ಚರ ಇರಲಿ: ‘ಲಾಗ್’ ಎಂದು ಹುಡುಕಿದರೆ ‘ಲಾಗಿನ್’ ಕೂಡ ಬಲೆಗೆ ಬೀಳುತ್ತದೆ. ಪಟ್ಟಿಯನ್ನು ಕಣ್ಣಾರೆ ಓದಿ ಎಂದು ಹೇಳಿದ್ದು ಇದಕ್ಕಾಗಿಯೇ.

ಇನ್ನು ಖಾಲಿ ಮಾಡುವ ಕೆಲಸ. ಆಬ್ಜೆಕ್ಟ್‌ಗಳನ್ನು ಒಂದೊಂದಾಗಿ ಅಳಿಸಬಹುದು. ಸಾವಿರಾರು ಇದ್ದರೆ ಬಲ್ಕ್-ಡಿಲೀಟ್ ಸೌಲಭ್ಯ ಅನುಕೂಲ. ಒಂದು ಸಾಲಿಗೆ ಒಂದು ಹೆಸರಿನಂತೆ ಪಟ್ಟಿ ಕಳುಹಿಸಿದರೆ ಸರ್ವರ್ ಎಲ್ಲವನ್ನೂ ಒಟ್ಟಿಗೆ ಅಳಿಸುತ್ತದೆ. ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ: ಒಳಗೆ ಕೆಲವು ಕಡತಗಳು ಅಳಿಯದೆ ಉಳಿದಿದ್ದರೂ ಹೊರಗಿನ ಉತ್ತರ 200 ಎಂದೇ ಇರುತ್ತದೆ. ನಿಜವಾದ ಫಲಿತಾಂಶ ಉತ್ತರದ ಒಡಲಿನಲ್ಲಿದ್ದು, ಸ್ಕ್ರಿಪ್ಟ್ ಅದನ್ನು ಓದಿ, ದೋಷಗಳ ಪಟ್ಟಿ ಖಾಲಿಯಾಗಿದೆಯೇ ಎಂದು ನೋಡಲೇಬೇಕು.

ಕನ್ನಡದಲ್ಲಿ ಹೆಸರಿಟ್ಟ ಕಡತಗಳಿದ್ದರೆ ಹೆಸರನ್ನು ಯುಟಿಎಫ್-8ರಲ್ಲಿ ಶೇಕಡಾ ಚಿಹ್ನೆಯ ಸಂಕೇತಗಳಾಗಿ ಮಾರ್ಪಡಿಸಿಯೇ ಕಳುಹಿಸಬೇಕು. ‘ಕ’ ಎಂಬ ಒಂದೇ ಅಕ್ಷರ 3 ಬೈಟ್‌ಗಳಾಗಿ, ವಿಳಾಸದಲ್ಲಿ 9 ಚಿಹ್ನೆಗಳಾಗಿ ಹರಡುತ್ತದೆ. ಈ ಹೆಜ್ಜೆ ತಪ್ಪಿದರೆ ಕಡತ ಕಣ್ಣೆದುರಿಗಿದ್ದರೂ ಸರ್ವರ್ 404, ಅಂದರೆ ಸಿಗಲಿಲ್ಲ, ಎನ್ನಬಹುದು.

ದೊಡ್ಡ ಕಡತಗಳ ವಿಷಯದಲ್ಲಿ ನಿಧಾನ ಮಾಡಿ. ಒಂದು ಆಬ್ಜೆಕ್ಟ್‌ಗೆ ಸಾಮಾನ್ಯವಾಗಿರುವ 5 ಜಿಬಿ ಮಿತಿಯನ್ನು ಮೀರಿದ ಕಡತಗಳು ತುಂಡುಗಳಾಗಿ, ಅನೇಕ ವೇಳೆ ಹೆಸರಿನ ಕೊನೆಯಲ್ಲಿ ‘ಸೆಗ್ಮೆಂಟ್ಸ್’ ಎಂದಿರುವ ಬೇರೊಂದು ಕಂಟೇನರ್‌ನಲ್ಲಿ ಇರುತ್ತವೆ. ಮೂಲ ಕಂಟೇನರ್‌ನಲ್ಲಿ ಇರುವುದು ಅವುಗಳ ಮ್ಯಾನಿಫೆಸ್ಟ್, ಅಂದರೆ ತುಂಡುಗಳು ಎಲ್ಲಿವೆ ಎಂದು ಸೂಚಿಸುವ ಆಬ್ಜೆಕ್ಟ್, ಮಾತ್ರ. ಬೇಡದ ಕಂಟೇನರ್ ಎಂದುಕೊಂಡು ತುಂಡುಗಳನ್ನು ಅಳಿಸಿದರೆ, ಪಟ್ಟಿಯಲ್ಲಿ ಕಡತದ ಹೆಸರು ಉಳಿದಿದ್ದರೂ ಒಳಗಿನ ದತ್ತಾಂಶ ಹೋಗಿರುತ್ತದೆ. ಸ್ಥಿರ ಮ್ಯಾನಿಫೆಸ್ಟ್ (ತುಂಡುಗಳ ಹೆಸರುಗಳನ್ನು ಒಂದೊಂದಾಗಿ ಪಟ್ಟಿ ಮಾಡಿರುವಂಥದ್ದು) ಇರುವ ಕಡತವನ್ನು ಅಳಿಸುವ ಕೋರಿಕೆಯಲ್ಲಿ ಮಲ್ಟಿಪಾರ್ಟ್-ಮ್ಯಾನಿಫೆಸ್ಟ್ ನಿಯತಾಂಕದಲ್ಲಿ ಡಿಲೀಟ್ ಎಂದು ಕೊಟ್ಟರೆ ತುಂಡುಗಳೂ ಜೊತೆಗೇ ಅಳಿಯುತ್ತವೆ.

ಎಲ್ಲ ಅಳಿಸಿದ ಮೇಲೂ ಕಂಟೇನರ್ 409 ಕೊಡುವುದುಂಟು. ಸ್ವಿಫ್ಟ್‌ನ ಸರ್ವರ್‌ಗಳು ತಮ್ಮತಮ್ಮಲ್ಲಿ ಲೆಕ್ಕ ಸರಿಹೊಂದಿಸಿಕೊಳ್ಳಲು ಸ್ವಲ್ಪ ಸಮಯ ಬೇಕಾಗುವುದೇ ಇದಕ್ಕೆ ಕಾರಣ. 2, 4, 8 ಸೆಕೆಂಡುಗಳಂತೆ ಬಿಡುವನ್ನು ಹೆಚ್ಚಿಸುತ್ತ ಮತ್ತೆ ಪ್ರಯತ್ನಿಸಿ. ಐದಾರು ಪ್ರಯತ್ನಗಳ ನಂತರವೂ ಅದೇ ಉತ್ತರ ಬಂದರೆ ಒಳಗಿನ ಪಟ್ಟಿಯನ್ನು ಮತ್ತೆ ತರಿಸಿ ನೋಡಿ. ಹೊಸ ಹೆಸರುಗಳು ಕಂಡರೆ ಯಾವುದೋ ತಂತ್ರಾಂಶ ಇನ್ನೂ ಅಲ್ಲಿ ಬರೆಯುತ್ತಿದೆ ಎಂದರ್ಥ. ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲಬೇಕು, ಆ ಕಂಟೇನರ್‌ನ ಹೆಸರನ್ನು ದಾಖಲೆಯಲ್ಲಿ ಬರೆದು, ಅದನ್ನು ಬಳಸುತ್ತಿರುವವರು ಯಾರೆಂದು ತಿಳಿಯುವವರೆಗೆ ಕೈ ಹಚ್ಚಬಾರದು.